ಪದಚರ್ಚೆ: ವಿಷದ ಪರೀಕ್ಷೆಯ ರಿಪೋರ್ಟಿನಲ್ಲಿ ‘ಕಡಿಮೆ’, ‘ನೆಗೆಟಿವ್’ ಅಂದರೆ?

ಗೆಳೆಯರೇ, ನಮಸ್ಕಾರ.

ವಿಷದ ಅನುಮಾನದಲ್ಲಿ ಆಸ್ಪತ್ರೆಗೆ ಸೇರಿದವರ ಮನೆಯವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಲ್ಯಾಬ್ ಪರೀಕ್ಷೆಯ ಭಾಗದಲ್ಲಿ ಎರಡು ಮಾತು ಕಷ್ಟ ಕೊಡುತ್ತಿವೆ.

ಮೊದಲನೆಯದು ‘ಕಡಿಮೆ’. ಬೆಳೆಗೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕ ಮೈಗೆ ಸೇರಿದ ಅನುಮಾನವಿದ್ದರೆ ರಕ್ತದಲ್ಲಿ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವನ್ನು ನೋಡುತ್ತಾರೆ. ಅಳೆಯುವುದು ವಿಷವನ್ನಲ್ಲ. ವಿಷ ಈ ಕಿಣ್ವದ ಕೆಲಸವನ್ನು ತಡೆಯುತ್ತದೆ, ಹಾಗಾಗಿ ಅಂಕಿ ಇಳಿದಷ್ಟೂ ಚಿಂತೆ ಜಾಸ್ತಿ. ಆದರೆ ‘ಕಡಿಮೆ ಬಂದಿದೆ’ ಎಂದರೆ ಮನೆಯವರು ‘ಸದ್ಯ, ವಿಷ ಕಡಿಮೆ ಇದೆ’ ಅಂದುಕೊಳ್ಳುತ್ತಾರೆ, ಅಲ್ವಾ? ‘ಕಿಣ್ವ ಕುಗ್ಗಿದೆ’ ಸರಿಯೇ, ಆದರೆ ಕಿಣ್ವ ಶಾಲೆಯ ಪುಸ್ತಕದ ಪದ. ಸದ್ಯಕ್ಕೆ ‘ರಕ್ತದಲ್ಲಿ ಇರಬೇಕಾದ ಒಂದು ಅಂಶ ಕುಗ್ಗಿದೆ, ಇದು ವಿಷದ ಗುರುತು ಇರಬಹುದು’ ಎಂದು ಬರೆದಿದ್ದೇನೆ. ‘ಇರಬಹುದು’ ಬೇಕೇ ಬೇಕು. ಲಿವರ್ ಕಾಯಿಲೆಯಲ್ಲೂ ಅದು ಕುಗ್ಗುತ್ತದೆ.

ಎರಡನೆಯದು ‘ನೆಗೆಟಿವ್’. ಮೂತ್ರದ ಸಾಮಾನ್ಯ ಡ್ರಗ್ ಪರೀಕ್ಷೆ ಹುಡುಕುವುದು ಅಫೀಮು, ಗಾಂಜಾ, ಕೊಕೇನ್, ಕೆಲವು ನಿದ್ದೆ ಮಾತ್ರೆ ಇಂಥವನ್ನು ಮಾತ್ರ. ಕೀಟನಾಶಕ, ಇಲಿ ಪಾಷಾಣ, ಕಣಗಿಲೆ ಬೀಜ ಅದರ ಪಟ್ಟಿಯಲ್ಲೇ ಇಲ್ಲ. ಇದಕ್ಕೆ ‘ವಿಷ ಇಲ್ಲ’ ಎಂದು ಬರೆಯುವುದು ಅಪಾಯ. ರೋಗಿಯನ್ನು ಮನೆಗೆ ಕರೆದುಕೊಂಡು ಹೋಗುತ್ತೇವೆ ಎಂದು ಹಟ ಹಿಡಿದಾರು. ‘ವಿಷ ಪತ್ತೆಯಾಗಿಲ್ಲ’ ಸ್ವಲ್ಪ ವಾಸಿ. ನನ್ನ ಒಲವು ‘ಈ ಪರೀಕ್ಷೆ ಹುಡುಕಿದ ವಿಷಗಳು ಸಿಕ್ಕಿಲ್ಲ’ ಎಂಬುದರ ಕಡೆಗೆ. ಉದ್ದವಾಯಿತು, ಆದರೆ ಬೇರೆ ವಿಷ ಇದ್ದೀತು ಎಂಬುದು ಅದರಲ್ಲೇ ಬರುತ್ತದೆ.

ಪ್ಯಾರಾಸಿಟಮಾಲ್ ಜಾಸ್ತಿ ನುಂಗಿದವರದು ಇನ್ನೊಂದು ಥರ. ನುಂಗಿ 4 ಗಂಟೆ ಆಗುವ ಮೊದಲೇ ತೆಗೆದ ರಕ್ತದ ಅಂಕಿಯಿಂದ ಅಪಾಯ ಎಷ್ಟೆಂದು ಅಳೆಯಲಾಗದು. ಅಲ್ಲಿ ‘ಈಗಲೇ ಹೇಳಲು ಬರುವುದಿಲ್ಲ’ ಸಾಕು ಅನಿಸುತ್ತದೆ.

ಕೀಟನಾಶಕದ ಅನುಮಾನವಿದ್ದು, ಕಣ್ಣಿನ ಪಾಪೆ ಕಿರಿದಾಗಿ, ಜೊಲ್ಲು, ಬೆವರು ಸುರಿಯುತ್ತಿದ್ದರೆ ವೈದ್ಯರು ರಿಪೋರ್ಟಿಗೆ ಕಾಯದೆ ಅಟ್ರೋಪಿನ್ ಎಂಬ ಮದ್ದು ಶುರು ಮಾಡುತ್ತಾರೆ. ಈ ಮಾತನ್ನು ಕೈಪಿಡಿಯ ಮೊದಲ ಸಾಲಿನಲ್ಲೇ ಇಟ್ಟಿದ್ದೇನೆ.

ಇನ್ನೊಂದು ಪ್ರಶ್ನೆ. ಕೀಟನಾಶಕಕ್ಕೆ ಹಳೇ ಮೈಸೂರು ಕಡೆ ‘ಔಷಧಿ’, ಉತ್ತರ ಕರ್ನಾಟಕದಲ್ಲಿ ‘ಎಣ್ಣಿ’ ಅನ್ನುತ್ತಾರೆ. ಆಸ್ಪತ್ರೆಯ ಕೈಪಿಡಿಯಲ್ಲಿ ‘ಔಷಧಿ’ ಎಂದರೆ ಗೊಂದಲ. ‘ಬೆಳೆಗೆ ಹೊಡೆಯುವ ಔಷಧಿ’ ಎಂದು ಬಿಡಿಸಿ ಬರೆದರೆ ನಿಮ್ಮ ಊರಿನಲ್ಲಿ ಅರ್ಥವಾಗುತ್ತದೆಯೇ? ಕರಾವಳಿ, ಮಲೆನಾಡಿನವರು ಏನನ್ನುತ್ತೀರಿ ಎಂದೂ ತಿಳಿಸಿ.