ಗ್ಯಾರಂಟಿಯ ಹಣ ಮತ್ತು ನಮ್ಮ ಓಣಿಯ ರಸ್ತೆ: ಕೇಳಬೇಕಾದದ್ದು ಯಾರನ್ನು?

ಪ್ರಶ್ನೆ: ಸಪ್ತಾಪುರ ನಿವಾಸಿ, ಧಾರವಾಡ

ಮಾನ್ಯರೇ, ನಮ್ಮ ಓಣಿಯ ರಸ್ತೆಯನ್ನು ಮೊದಲು ಒಳಚರಂಡಿಗೆಂದು, ಆಮೇಲೆ ಗ್ಯಾಸ್ ಪೈಪಿಗೆಂದು, ಈಗ ಕುಡಿಯುವ ನೀರಿನ ಹೊಸ ಪೈಪಿಗೆಂದು ಅಗೆದಿದ್ದಾರೆ. ಅಗೆದ ಮಣ್ಣನ್ನೇ ಮತ್ತೆ ಮೇಲೆಳೆದು ಹೋದದ್ದರಿಂದ ಮೊದಲ ದೊಡ್ಡ ಮಳೆಗೇ ಅದು ಒಂದು ಗೇಣು ಕುಸಿದಿದೆ. ಹಾಲಿನವನ ಬೈಕು ವಾರಕ್ಕೊಮ್ಮೆಯಾದರೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಓಣಿಯ ಹಿರಿಯರು ಸಂಜೆಯ ವಾಕಿಂಗನ್ನೇ ಬಿಟ್ಟಿದ್ದಾರೆ. ಏಪ್ರಿಲ್‌ನಲ್ಲಿ ಶೇ 5ರ ರಿಯಾಯಿತಿ ಇರುವಾಗಲೇ ಆಸ್ತಿ ತೆರಿಗೆ ಕಟ್ಟಿ ಮುಗಿಸುವವರು ನಾವು.

ಈ ಬಗ್ಗೆ ವಿಚಾರಿಸಿದಾಗ ಒಂದು ಪಕ್ಷದವರು ‘ದುಡ್ಡೆಲ್ಲ ಗ್ಯಾರಂಟಿಗೆ ಹೋಗುತ್ತಿದೆ, ಅನುದಾನ ಎಲ್ಲಿಂದ ಬರಬೇಕು’ ಎನ್ನುತ್ತಾರೆ. ಇನ್ನೊಂದು ಪಕ್ಷದವರು ‘ಕೇಂದ್ರ ನಮ್ಮ ಪಾಲು ಕೊಡುತ್ತಿಲ್ಲ’ ಎನ್ನುತ್ತಾರೆ. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ; ಅದರಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ, ಅಂದರೆ ಹೆಚ್ಚುಕಡಿಮೆ ಎಂಟರಲ್ಲಿ ಒಂದು ಪಾಲು. ನಮ್ಮ ಓಣಿಯ ರಸ್ತೆಯ ಕೆಲಸ ನಿಂತಿರುವುದು ನಿಜವಾಗಿಯೂ ಈ ಎಂಟನೆಯ ಒಂದು ಪಾಲಿನಿಂದಲೇ? ಪಕ್ಷದ ಮಾತು ಬದಿಗಿಟ್ಟು, ಲೆಕ್ಕ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಲೆಕ್ಕಾಧಿಕಾರಿ, ವಿದ್ಯಾನಗರ, ಹುಬ್ಬಳ್ಳಿ

ಸರ್, ಓಣಿಯ ರಸ್ತೆ ರಾಜ್ಯದ ಬಜೆಟ್ಟಿನಿಂದ ನೇರವಾಗಿ ಆಗುವ ಕೆಲಸವಲ್ಲ. ಅದು ಹುಬ್ಬಳ್ಳಿ-ಧಾರವಾಡ ಪಾಲಿಕೆಯ ಕೆಲಸ. ಪಾಲಿಕೆಯ ತಿಜೋರಿಗೆ ಆಸ್ತಿ ತೆರಿಗೆ, ನೀರಿನ ಕರ, ಮಳಿಗೆಗಳ ಬಾಡಿಗೆ, ಕಟ್ಟಡ ಪರವಾನಗಿಯ ಶುಲ್ಕ ಇತ್ಯಾದಿ ಸ್ವಂತ ಆದಾಯ ಬರುತ್ತದೆ. ಅದರ ಮೇಲೆ ರಾಜ್ಯ ಹಣಕಾಸು ಆಯೋಗದ ಲೆಕ್ಕದ ಅನುದಾನವೂ ಕೇಂದ್ರ ಹಣಕಾಸು ಆಯೋಗದ ಅನುದಾನವೂ ಬರುತ್ತವೆ. ಕೇಂದ್ರದ ಈ ಹಣದಲ್ಲಿ ದೊಡ್ಡ ಭಾಗವನ್ನು ನೀರಿಗೆ ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕೆಂಬ ಕಟ್ಟುಪಾಡು ಇದೆ, ಅದನ್ನು ತೆಗೆದು ಡಾಂಬರಿಗೆ ಹಾಕಲು ಬರುವುದಿಲ್ಲ. ನೀವು ಕಟ್ಟುವ ಚಲನ್ನನ್ನೇ ಒಮ್ಮೆ ಬಿಡಿಸಿ ನೋಡಿರಿ. ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಎಂದು ತೆರಿಗೆಯ ಮೇಲೆ ಸೇರಿಸಿರುತ್ತಾರೆ. ಅದನ್ನು ವಸೂಲು ಮಾಡುವುದು ಪಾಲಿಕೆಯಾದರೂ ಆ ಹಣ ಪಾಲಿಕೆಯದಲ್ಲ.

ಸ್ವಂತ ಆದಾಯ ಕಡಿಮೆಯಾದಷ್ಟೂ ಪಾಲಿಕೆ ರಾಜ್ಯದ ಕಡೆ ಕೈ ಚಾಚಬೇಕಾಗುತ್ತದೆ. ಹೊಸ ಬಡಾವಣೆಗಳಲ್ಲಿ ಎರಡು ಅಂತಸ್ತು ಕಟ್ಟಿ ದಾಖಲೆಯಲ್ಲಿ ಮಾತ್ರ ಖಾಲಿ ಪ್ಲಾಟು ಎಂದು ತೋರಿಸಿಕೊಂಡವರು, ಕೆಳಗೆ ಅಂಗಡಿ ಬಾಡಿಗೆಗೆ ಕೊಟ್ಟು ವಾಸದ ಮನೆಯ ದರದಲ್ಲೇ ತೆರಿಗೆ ಕಟ್ಟುವವರು ಎಷ್ಟು ಜನ ಎಂಬುದು ಯಾವ ವಲಯ ಕಚೇರಿಗೂ ಗೊತ್ತಿಲ್ಲದ ಗುಟ್ಟಲ್ಲ. ಚುನಾವಣೆ ಹತ್ತಿರ ಬಂದಾಗ ಅದನ್ನು ಮುಟ್ಟುವ ಧೈರ್ಯ ಯಾವ ಪಕ್ಷಕ್ಕೂ ಇರುವುದಿಲ್ಲ. 2019ರ ಮಾರ್ಚ್‌ನಿಂದ 2021ರ ಸೆಪ್ಟೆಂಬರ್ ಚುನಾವಣೆಯವರೆಗೆ ನಮ್ಮ ಪಾಲಿಕೆಯಲ್ಲಿ ಸದಸ್ಯರೇ ಇರಲಿಲ್ಲ, ಆಡಳಿತಾಧಿಕಾರಿಯ ಕೈಯಲ್ಲೇ ಎಲ್ಲ ನಡೆಯಿತು. ಆಗಿನ್ನೂ ಗ್ಯಾರಂಟಿಗಳು ಬಂದಿರಲಿಲ್ಲ. ರಸ್ತೆಗಳು ಆಗ ಹೇಗಿದ್ದವು ಎಂಬುದನ್ನು ತಾವೇ ನೆನಪಿಸಿಕೊಳ್ಳಿರಿ.

ಉತ್ತರ: ಗದಗದ ಓದುಗ

ಲೆಕ್ಕಾಧಿಕಾರಿಗಳ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ತಿಜೋರಿಗಳು ಬೇರೆ ಬೇರೆ ಎಂಬುದು ಕಾಗದದ ಮೇಲಿನ ಮಾತು. ಮೇಲಿನ ತಿಜೋರಿ ಬಿಗಿಯಾದರೆ ಕೆಳಗಿನದಕ್ಕೆ ಕಂತು ತಡವಾಗಿ ಬರುತ್ತದೆ, ಗುತ್ತಿಗೆದಾರರ ಬಿಲ್ಲು ನಿಲ್ಲುತ್ತದೆ, ಬಿಲ್ಲು ನಿಂತರೆ ಅರ್ಧ ಆದ ಕೆಲಸವೂ ನಿಲ್ಲುತ್ತದೆ. ರಾಜಸ್ವದಲ್ಲಿ ಹೆಚ್ಚುವರಿ ತೋರಿಸುತ್ತಿದ್ದ ರಾಜ್ಯ 2025-26ರಲ್ಲಿ 19,262 ಕೋಟಿ ರೂಪಾಯಿಯ ರಾಜಸ್ವ ಕೊರತೆಯ (ಅಂದರೆ ದೈನಂದಿನ ಖರ್ಚಿಗೇ ಆದಾಯ ಸಾಲದ) ಬಜೆಟ್ ಮಂಡಿಸಿತು, 1.16 ಲಕ್ಷ ಕೋಟಿ ಸಾಲ ಎತ್ತುವ ಅಂದಾಜನ್ನೂ ಮುಂದಿಟ್ಟಿತು. ಇಷ್ಟಾದ ಮೇಲೂ ಓಣಿಯ ರಸ್ತೆಗೆ ಇದರ ಬಿಸಿ ತಟ್ಟುವುದಿಲ್ಲ ಎಂದರೆ ನಂಬುವುದು ಹೇಗೆ?

ಆದರೆ ಕೇಂದ್ರದ ಮೇಲಿನ ದೂರನ್ನೂ ನೆವವೆಂದು ತಳ್ಳಿಹಾಕುವಂತಿಲ್ಲ. ಕೇಂದ್ರ ತೆರಿಗೆಗಳ ಹಂಚಿಕೆಯಲ್ಲಿ ಹದಿನಾಲ್ಕನೇ ಹಣಕಾಸು ಆಯೋಗ ಕರ್ನಾಟಕಕ್ಕೆ ಶೇ 4.713 ಪಾಲು ಕೊಟ್ಟಿತ್ತು. ಹದಿನೈದನೆಯದು ಅದನ್ನು ಶೇ 3.647ಕ್ಕೆ ಇಳಿಸಿತು. ಎರಡೂ ಪಕ್ಷದವರ ಮಾತಿನಲ್ಲಿ ಸತ್ಯವಿದೆ, ಅನುಕೂಲಕ್ಕೆ ಬೇಕಾದಷ್ಟನ್ನು ಮಾತ್ರ ಹೇಳುತ್ತಾರೆ ಅಷ್ಟೇ.

ಉತ್ತರ: ಕುಂದಗೋಳ ರಸ್ತೆಯ ಶಿಕ್ಷಕಿ

ನಾನು ದಿನವೂ ವಾಯವ್ಯ ಸಾರಿಗೆಯ ಬಸ್ಸಿನಲ್ಲಿ ಓಡಾಡುವವಳು. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಆರಂಭವಾದ ಮೇಲೆ, ಹಳ್ಳಿಯಿಂದ ಮೆಂತೆ, ರಾಜಗಿರಿ, ಹಸಿಮೆಣಸಿನಕಾಯಿ ಕಟ್ಟಿಕೊಂಡು ಹುಬ್ಬಳ್ಳಿಯ ಜನತಾ ಬಜಾರಿಗೆ ಬರುವ ಹೆಣ್ಣುಮಕ್ಕಳ ಸಂಖ್ಯೆ ನನ್ನ ಕಣ್ಣೆದುರಿಗೇ ಹೆಚ್ಚಿತು. ಮೊದಲೆಲ್ಲ ಹಳ್ಳಿಗೆ ಬರುವ ದಲ್ಲಾಳಿ ಹೇಳಿದ ದರಕ್ಕೆ ಮಾರುತ್ತಿದ್ದವರು ಈಗ ತಾವೇ ಬುಟ್ಟಿ ಹೊತ್ತು ತಂದು ಮಾರುತ್ತಾರೆ. ಆ ಬುಟ್ಟಿಗೆ ಲಗೇಜ್ ಹಾಕುವ ವಿಚಾರದಲ್ಲಿ ಕಂಡಕ್ಟರ್ ಜೊತೆ ನಡೆಯುವ ಜಗಳ ಬೇರೆಯೇ ಕಥೆ. ಈ ಖರ್ಚನ್ನು ಪುಕ್ಕಟೆ ಎಂದು ಕರೆಯುವವರು ಒಮ್ಮೆ ಬೆಳಗಿನ ಬಸ್ಸಿನಲ್ಲಿ ನಿಂತು ಬರಲಿ.

ಹಾಗೆಂದು ನನಗೆ ದೂರಿಲ್ಲವೆಂದಲ್ಲ. ಹೆಣ್ಣುಮಕ್ಕಳ ಟಿಕೆಟ್ಟಿನ ಹಣವನ್ನು ಸರ್ಕಾರ ಸಾರಿಗೆ ಸಂಸ್ಥೆಗೆ ಸಕಾಲದಲ್ಲಿ ತುಂಬಿಕೊಡದಿದ್ದರೆ ಹೊಸ ಬಸ್ಸು ಬರುವುದಿಲ್ಲ, ಇರುವ ಬಸ್ಸಿನಲ್ಲೇ ಶಾಲೆಯ ಮಕ್ಕಳು ಫುಟ್‌ಬೋರ್ಡಿನ ಮೇಲೆ ನಿಲ್ಲಬೇಕಾಗುತ್ತದೆ. 2025ರ ಜನವರಿಯಲ್ಲಿ ಶೇ 15ರಷ್ಟು ದರ ಏರಿದಾಗ ಅದರ ಭಾರ ಬಿದ್ದದ್ದು ನಮ್ಮ ಮನೆಯ ಗಂಡಸರ ಮೇಲೆ. ಯೋಜನೆ ಇರಲಿ, ಅದಕ್ಕೆ ತಕ್ಕಷ್ಟು ಬಸ್ಸುಗಳೂ ಇರಲಿ ಎಂಬುದಷ್ಟೇ ನನ್ನ ಬೇಡಿಕೆ.

ಉತ್ತರ: ರಸ್ತೆ ಕಾಮಗಾರಿ ಬಲ್ಲವನು, ಕೇಶ್ವಾಪುರ

ಚರ್ಚೆ ಬಜೆಟ್ಟಿನಲ್ಲೇ ಸುತ್ತುತ್ತಿದೆ. ಕೇಳಿದ್ದು ರಸ್ತೆಯ ಬಗ್ಗೆ. ಈ ರಸ್ತೆ ಹಾಳಾದದ್ದು ಹಣವಿಲ್ಲದೆ ಅಲ್ಲ, ಹಣ ಹಾಕಿ ಮಾಡಿದ್ದನ್ನು ಮತ್ತೆ ಮತ್ತೆ ಅಗೆದದ್ದರಿಂದ. ಅಗೆದ ತಗ್ಗನ್ನು ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ನೀರು ಹೊಡೆದು ಧಮ್ಮಸ್ಸು ಮಾಡಿ, ಮೇಲೆ ಜೆಲ್ಲಿ ಹಾಕಿದ ನಂತರವೇ ಡಾಂಬರು ಅಥವಾ ಕಾಂಕ್ರೀಟು ಬರಬೇಕು. ಒಂದೇ ಸಲಕ್ಕೆ ಜೆಸಿಬಿಯಿಂದ ಮಣ್ಣು ದೂಡಿ ಚಕ್ರ ಹತ್ತಿಸಿದರೆ ಮೇಲ್ಭಾಗ ಮಾತ್ರ ಗಟ್ಟಿಯಾಗುತ್ತದೆ, ಒಳಗೆ ಪೊಳ್ಳು ಉಳಿಯುತ್ತದೆ. ಧಾರವಾಡದ ಕೆಂಪು ಮಣ್ಣು ಇದನ್ನು ಒಂದಿಷ್ಟು ತಡೆದೀತು. ಹುಬ್ಬಳ್ಳಿಯ ಎರೆ ಮಣ್ಣು ತಡೆಯುವುದಿಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ, ಮೇಲಿದ್ದದ್ದನ್ನೆಲ್ಲ ಒಡೆಯುತ್ತದೆ.

ನೀರಿನ ಪೈಪು ಬೇಡವೆನ್ನುವಂತೆಯೂ ಇಲ್ಲ. ನಿರಂತರ ನೀರಿನ ಯೋಜನೆ ಅವಳಿ ನಗರದ ಕೆಲವೇ ಭಾಗಗಳಲ್ಲಿ ಪ್ರಾಯೋಗಿಕವಾಗಿ ಜಾರಿಯಾದದ್ದು 2008ರಲ್ಲಿ. ಉಳಿದ ಓಣಿಗಳ ಜನ ಇಂದಿಗೂ ವಾರಕ್ಕೊಮ್ಮೆ ನಳಕ್ಕೆ ನೀರು ಬರುವ ಹೊತ್ತನ್ನು ವಾಲ್ವ್‌ಮನ್‌ಗೆ ಫೋನು ಮಾಡಿ ಕೇಳಿಕೊಂಡು ನಡುರಾತ್ರಿ ಏಳುತ್ತಾರೆ. ಮಲಪ್ರಭೆಯ ನೀರು ಸವದತ್ತಿಯ ಜಲಾಶಯದಿಂದ ಇಲ್ಲಿಯವರೆಗೆ ಬರುತ್ತದೆ, ಕೊನೆಯ ಅರ್ಧ ಕಿಲೋಮೀಟರಿನಲ್ಲಿ ಸಿಕ್ಕಿಬೀಳುತ್ತದೆ. ಪೈಪು ಹಾಕಲೇಬೇಕು, ಆದರೆ ಮುಚ್ಚಿದ್ದು ಸರಿಯಾಗಿದೆಯೇ ಎಂದು ನೋಡುವ ಇಂಜಿನಿಯರ್ ಸ್ಥಳದಲ್ಲಿ ನಿಲ್ಲಬೇಕು.

ಮರುಪ್ರಶ್ನೆ: ಸಪ್ತಾಪುರ ನಿವಾಸಿ

ಎಲ್ಲರಿಗೂ ಧನ್ಯವಾದಗಳು. ಶಿಕ್ಷಕಿಯವರ ಮಾತು ನನ್ನ ಪ್ರಶ್ನೆಯನ್ನೇ ಸ್ವಲ್ಪ ಬದಲಿಸಿತು. ಇನ್ನೊಂದು ಸಂದೇಹವಿದೆ. 1962ರಿಂದ ಒಂದೇ ಆಗಿದ್ದ ಪಾಲಿಕೆಯಿಂದ ಧಾರವಾಡವನ್ನು ಬೇರ್ಪಡಿಸಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಾಗ, ಇನ್ನು ಹುಬ್ಬಳ್ಳಿಯ ಕಡೆ ನೋಡುವುದು ತಪ್ಪುತ್ತದೆ ಎಂದು ಇಲ್ಲಿ ಬಹಳ ಜನ ಸಂತೋಷಪಟ್ಟರು. ಬೇರೆ ಪಾಲಿಕೆಯಾದರೆ ನಮ್ಮ ತೆರಿಗೆ ನಮ್ಮ ರಸ್ತೆಗೇ ಬಂದೀತೇ?

ಉತ್ತರ: ನಿವೃತ್ತ ಲೆಕ್ಕಾಧಿಕಾರಿ, ವಿದ್ಯಾನಗರ, ಹುಬ್ಬಳ್ಳಿ

ನಿಮ್ಮ ತೆರಿಗೆ ನಿಮ್ಮಲ್ಲೇ ಉಳಿಯುತ್ತದೆ, ಆಯುಕ್ತರ ಕಚೇರಿಯ ಖರ್ಚೂ ನಿಮ್ಮದೇ ಆಗುತ್ತದೆ. ಧಾರವಾಡ ಕಚೇರಿ, ಕೋರ್ಟು, ಕಾಲೇಜುಗಳ ಊರು. ದೊಡ್ಡ ಮಾರುಕಟ್ಟೆ, ವ್ಯಾಪಾರ ಮಳಿಗೆಗಳ ಬಹುಪಾಲು ಹುಬ್ಬಳ್ಳಿಯಲ್ಲಿದೆ. ಸರ್ಕಾರಿ ಕಟ್ಟಡಗಳಿಗೆ ಅಂಗಡಿ ಮುಂಗಟ್ಟಿನಂತೆ ಆಸ್ತಿ ತೆರಿಗೆ ಬರುವುದಿಲ್ಲ. ಹೀಗಾಗಿ ಮೊದಲ ಕೆಲವು ವರ್ಷ ಕಷ್ಟವಿದೆ ಎಂಬುದು ನನ್ನ ಅಂದಾಜು. ಆದರೂ ಬೇರೆಯಾಗುವುದನ್ನು ನಾನು ವಿರೋಧಿಸುವುದಿಲ್ಲ. ದೂರು ಕೊಡಲು ಇಪ್ಪತ್ತು ಕಿಲೋಮೀಟರ್ ಬರುವುದು ತಪ್ಪಿದರೂ ಅಷ್ಟು ಲಾಭ.

ಸದ್ಯಕ್ಕೆ ಒಂದು ಕೆಲಸ ಮಾಡಿರಿ. ರಸ್ತೆ ಅಗೆಯಲು ಅನುಮತಿ ಕೊಡುವಾಗ, ಅದನ್ನು ಮತ್ತೆ ಸರಿಪಡಿಸುವ ವೆಚ್ಚವನ್ನು ಅಗೆಯುವವರಿಂದ ಕಟ್ಟಿಸಿಕೊಳ್ಳುವುದು ಅಥವಾ ಅವರೇ ಸರಿಪಡಿಸಬೇಕೆಂದು ಷರತ್ತು ಹಾಕುವುದು ಕ್ರಮ. ನಿಮ್ಮ ಓಣಿಯ ವಿಷಯದಲ್ಲಿ ಯಾವುದಾಯಿತು, ಹಣ ಕಟ್ಟಿದ್ದರೆ ಎಷ್ಟು, ಅದು ಯಾವ ಲೆಕ್ಕಶೀರ್ಷಿಕೆಯಲ್ಲಿ ಜಮೆಯಾಗಿದೆ ಎಂದು ಮಾಹಿತಿ ಹಕ್ಕಿನಡಿ ವಲಯ ಕಚೇರಿಗೆ ಅರ್ಜಿ ಹಾಕಿರಿ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಹೀಗಾಗಿ ಗ್ಯಾಸ್ ಪೈಪಿಗೆ ಒಂದು, ನೀರಿನ ಪೈಪಿಗೆ ಒಂದು ಎಂದು ಬೇರೆ ಬೇರೆ ಅರ್ಜಿ ಬರೆಯಿರಿ. ಗ್ಯಾರಂಟಿಯ ವಿಷಯವನ್ನು ಅದರಲ್ಲಿ ಎತ್ತಬೇಡಿರಿ.