ಬೀಗದ ಫೋಟೋ

ನಮ್ಮ ಎಸ್ಸೆಸ್ಸೆಲ್ಸಿ ಗುಂಪಿನಲ್ಲಿ ಮೊನ್ನೆ ರಾತ್ರಿ ನಡೆದ ಜಗಳ ಇದು. 1996ರ ಬ್ಯಾಚ್, ದಕ್ಷಿಣ ಕೊಡಗಿನ ಒಂದು ಸರ್ಕಾರಿ ಹೈಸ್ಕೂಲು. ಎಲ್ಲರ ಹೆಸರು ಬದಲಿಸಿದ್ದೇನೆ. ಸ್ಟಿಕ್ಕರ್‌ಗಳನ್ನೂ ರಶೀದ್ ಮಧ್ಯೆ ಕಳಿಸಿದ ಬಿರಿಯಾನಿ ವೀಡಿಯೋವನ್ನೂ ತೆಗೆದಿದ್ದೇನೆ. ಸರಸು ಅಂದರೆ ನಾನೇ.

ಸರಸು: (ಫೋಟೋ) ಇವತ್ತು ಸಂಜೆ ತೆಗೆದದ್ದು. ನಮ್ಮೂರ ಗ್ರಂಥಾಲಯದ ಬಾಗಿಲು. ಬೀಗದ ಮೇಲಿನ ಹಾಳೆ ಓದಿ. ಓದುಗರು ಕಡಿಮೆ, ಅದಕ್ಕೆ ಪಕ್ಕದ ಊರಿನದಕ್ಕೆ ಸೇರಿಸುತ್ತಾರಂತೆ. ಆಕ್ಷೇಪ ಇದ್ದರೆ ಗ್ರಾಮಸಭೆಯಲ್ಲಿ ಹೇಳಬೇಕಂತೆ. ಪಕ್ಕದ ಊರು ಅಂದರೆ ಏಳು ಕಿಲೋಮೀಟರ್.

ಬೋಪಣ್ಣ: ಅದು ಇನ್ನೂ ಇತ್ತಾ? ಯಾವಾಗಲೋ ಮುಚ್ಚಿದೆ ಅಂದುಕೊಂಡಿದ್ದೆ.

ಸರಸು: ನಿನ್ನ ಗೇಟಿನಿಂದ ಇನ್ನೂರು ಹೆಜ್ಜೆ ಮಾರಾಯ.

ಬೋಪಣ್ಣ: ಬೇಜಾರು ಮಾಡ್ಕೋಬೇಡಿ, ನಿಜ ಹೇಳುತ್ತೇನೆ. ಈಗ ಯಾರು ಹೋಗುತ್ತಾರೆ ಅಲ್ಲಿಗೆ? ಪೇಪರ್ ಫೋನಿನಲ್ಲಿ ಬರುತ್ತದೆ. ಪುಸ್ತಕವೂ ಫೋನಿನಲ್ಲಿದೆ. ಸರ್ಕಾರವೇ ಡಿಜಿಟಲ್ ಗ್ರಂಥಾಲಯ ಮಾಡಿದೆ. ಆ ಕೋಣೆ ಸೋರುತ್ತದೆ, ಒಳಗೆ ಇಲಿ. ಹಳೆ ನೆನಪಿಗೋಸ್ಕರ ಸುಮ್ನೆ ಅಳುವುದು ಬೇಡ.

ಮುರುಗ: ಕಳೆದ ಕಕ್ಕಡ ತಿಂಗಳ ಮಳೆಯಲ್ಲಿ ನಿನ್ನ ಹೋಂಸ್ಟೇಗೆ ಎಷ್ಟು ದಿನ ಕರೆಂಟ್ ಇರಲಿಲ್ಲ?

ಬೋಪಣ್ಣ: ಆರು ದಿನ. ಜನರೇಟರ್ ಇದೆಯಲ್ಲ.

ಮುರುಗ: ತೋಟದ ಕೆಲಸದವರ ಲೈನ್ ಮನೆಗೆ ಜನರೇಟರ್ ಇಲ್ಲ. ಎರಡನೇ ದಿನಕ್ಕೆ ಟವರೂ ಮಲಗಿತು. ಆಗ ನಿನ್ನ ಡಿಜಿಟಲ್ ಎಲ್ಲಿತ್ತು?

ಬೋಪಣ್ಣ: ಕರೆಂಟ್ ಇಲ್ಲದಿದ್ದರೆ ಗ್ರಂಥಾಲಯವೂ ಕತ್ತಲೆಯೇ ಅಲ್ವಾ?

(ಇದಕ್ಕೆ ಮುರುಗ ಉತ್ತರ ಕೊಡಲಿಲ್ಲ. ನನಗೂ ಹೊಳೆಯಲಿಲ್ಲ. ಪಾಯಿಂಟ್ ಅವನದೇ.)

ಕುಶಾಲಪ್ಪ: ಈಗ ನೋಡಿದೆ. ಪಂಚಾಯಿತಿ ಸದಸ್ಯ ಅಂತ ನನ್ನನ್ನು ಹುಡುಕುವ ಮೊದಲು ಕೇಳಿ. ಮುಚ್ಚುವುದಲ್ಲ, ಸೇರಿಸುವುದು. ಮೇಲ್ವಿಚಾರಕರು ನಿವೃತ್ತಿಯಾದರು, ಬದಲಿಗೆ ಯಾರೂ ಬಂದಿಲ್ಲ. ಪಕ್ಕದ ಊರಿನವರೇ ಬಂದು ಬಾಗಿಲು ತೆಗೆಯುತ್ತಿದ್ದಾರೆ. ಮೊದಲು ಇದೆಲ್ಲ ಗ್ರಂಥಾಲಯ ಇಲಾಖೆಯದ್ದು. 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. ಹೆಸರು ಅರಿವು ಕೇಂದ್ರ ಅಂತಾಯಿತು, ಜವಾಬ್ದಾರಿ ನಮ್ಮ ತಲೆ ಮೇಲೆ ಬಂತು. ಹಾಜರಿ ಪುಸ್ತಕದ ಒಂದು ಪುಟ ಹಾಕುತ್ತೇನೆ, ನೀವೇ ನೋಡಿ. (ಫೋಟೋ)

ಬೋಪಣ್ಣ: ದಿನಕ್ಕೆ ನಾಲ್ಕು ಸಹಿ. ಮುಗಿಯಿತು ಕಥೆ.

ಸರಸು: ದೊಡ್ಡದು ಮಾಡಿ ನೋಡಿದೆ. ಸೋಮವಾರ ಬಿಟ್ಟು ಆರು ದಿನವೂ ಅದೇ ನಾಲ್ಕು ಜನ. ಬಂದ ಹೊತ್ತು 10.15, 10.20, 10.40. ಎಲ್ಲ ಪೇಪರ್ ಓದುವ ಹಿರಿಯರು, ಒಬ್ಬರ ಸಹಿ ಅಂತೂ ನಮ್ಮ ಪಿ.ಟಿ. ಮಾಸ್ಟರದ್ದೇ. ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಆನೆ ಬರೆದಿದ್ದಾರೆ, ಅದಕ್ಕೆ ಐದು ಕಾಲು. ಪಿ.ಟಿ. ಮಾಸ್ಟರ್ ಆನೆ ಬರೆಯುವವರಲ್ಲ. ಅಂದರೆ ಮಕ್ಕಳು ಬರುತ್ತಾರೆ. ಅವರ ಸಹಿ ಎಲ್ಲಿ?

ಕುಶಾಲಪ್ಪ: ಮಕ್ಕಳು ಸಹಿ ಮಾಡುವುದಿಲ್ಲ.

ಸರಸು: ಮಾಡುವುದಿಲ್ಲವೋ, ಮಾಡಿಸುವುದಿಲ್ಲವೋ? 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದ್ದಾಗ 'ಓದುವ ಬೆಳಕು' ಅಂತ ಮಾಡಿ ಮಕ್ಕಳಿಗೆ ಉಚಿತವಾಗಿ ಸದಸ್ಯತ್ವ ಕೊಟ್ಟರಲ್ಲ. ನನ್ನ ಮಗಳ ಕಾರ್ಡ್ ಇನ್ನೂ ಫ್ರಿಜ್ ಮೇಲಿದೆ.

ಕುಶಾಲಪ್ಪ: ಅದು ಬೇರೆ ರಿಜಿಸ್ಟರ್. ಹುಡುಕಿಸಬೇಕು.

ರಶೀದ್: ನಾನು ಇಲ್ಲಿ ಶಾರ್ಜಾದಲ್ಲಿ ಕೂತು ಮನೆ ಕಂದಾಯ ಕಟ್ಟುತ್ತೇನೆ. ಅಣ್ಣ ಕಳಿಸಿದ ರಸೀದಿ ಈಗ ತೆಗೆದು ನೋಡಿದೆ. ತೆರಿಗೆ 1,850. ಅದರ ಮೇಲೆ ಗ್ರಂಥಾಲಯ ಕರ ನೂರಕ್ಕೆ 6, ಅಂದರೆ 111 ರೂಪಾಯಿ. ಭಿಕ್ಷುಕರ ಕರ ನೂರಕ್ಕೆ 3. ಭಿಕ್ಷುಕರಿಗಿಂತ ಡಬಲ್ ಕೊಟ್ಟಿದ್ದೇನೆ ಗ್ರಂಥಾಲಯಕ್ಕೆ. ಬೀಗಕ್ಕೆ ಇಷ್ಟು ದುಡ್ಡಾ ಕುಶಾಲು?

ಕುಶಾಲಪ್ಪ: ಎಲ್ಲರೂ ನಿನ್ನ ಹಾಗೆ ಕಟ್ಟಿದರೆ ಮಾತು ಬೇರೆ. ಬಾಕಿ ಪಟ್ಟಿ ಹಾಕಲಾ ಗುಂಪಿನಲ್ಲಿ? ಇಲ್ಲೇ ಮೂರು ಜನ ಇದ್ದಾರೆ.

(ಎರಡು ನಿಮಿಷ ಗುಂಪು ಪೂರ್ತಿ ಮೌನ.)

ಶೀಲಾ: ಡ್ಯೂಟಿ ಮುಗಿಸಿ ಈಗ ಓದಿದೆ. ಇಲ್ಲಿ ಇಂಗ್ಲೆಂಡಿನಲ್ಲೂ ಇದೇ ಕಥೆ ಕಣ್ರೋ. 2010ರಿಂದ 2019ರ ಒಳಗೆ ಬ್ರಿಟನ್ನಿನಲ್ಲಿ ಹತ್ತಿರ ಹತ್ತಿರ 800 ಗ್ರಂಥಾಲಯ ಮುಚ್ಚಿದರು. ಅದೂ ಕೌನ್ಸಿಲ್‌ಗಳು ಗ್ರಂಥಾಲಯ ನಡೆಸಲೇಬೇಕು ಅಂತ 1964ರ ಕಾನೂನು ಇರುವ ದೇಶದಲ್ಲಿ. ಲಂಡನ್ನಿನ ಕೆನ್ಸಲ್ ರೈಸ್‌ನಲ್ಲಿ ಒಂದಿತ್ತು, 1900ರಲ್ಲಿ ಮಾರ್ಕ್ ಟ್ವೈನ್ ಬಂದು ತೆರೆದದ್ದು. 2011ರಲ್ಲಿ ಮುಚ್ಚಿದರು. ಊರವರು ವರ್ಷಗಟ್ಟಲೆ ಗುದ್ದಾಡಿದರು. ಕಡೆಗೆ ಕಟ್ಟಡದಲ್ಲಿ ಫ್ಲ್ಯಾಟ್ ಆಯಿತು, ಕೆಳಗೆ ಒಂದಿಷ್ಟು ಜಾಗದಲ್ಲಿ ಸ್ವಯಂಸೇವಕರೇ ಗ್ರಂಥಾಲಯ ನಡೆಸುತ್ತಾರೆ. ನಾನಿರುವ ಊರಿನಲ್ಲಿ ನಾನೇ ಕಂಡದ್ದು ಹೇಳುತ್ತೇನೆ. ಮೊದಲು ತೆರೆಯುವ ಹೊತ್ತು ಕಡಿಮೆ ಮಾಡುತ್ತಾರೆ. ಆಮೇಲೆ ಜನ ಕಡಿಮೆ ಆಗುತ್ತಾರೆ. ಆಮೇಲೆ ಜನವೇ ಇಲ್ಲ ಅಂತ ಪಟ್ಟಿ ತೋರಿಸುತ್ತಾರೆ. ನಮ್ಮೂರಿನದು ಎಷ್ಟರಿಂದ ಎಷ್ಟರವರೆಗೆ ತೆರೆದಿರುತ್ತದೆ?

ಕುಶಾಲಪ್ಪ: ಹತ್ತರಿಂದ ನಾಲ್ಕು. ಅವರು ಕೊನೆ ಬಸ್ಸು ಹಿಡಿಯಬೇಕಲ್ಲ.

ಮುರುಗ: ತೋಟದ ಕೆಲಸ ಬಿಡುವುದು ನಾಲ್ಕೂವರೆಗೆ.

ಶೀಲಾ: ಶಾಲೆ?

ಸರಸು: ನಾಲ್ಕೂ ಕಾಲಿಗೆ. ನನ್ನ ಮಗಳು ಓಡಿ ಹೋದರೆ ಬೀಗ ಹಾಕುವುದನ್ನು ನೋಡಬಹುದು.

ಲೀಲಾ ಟೀಚರ್: ಮಕ್ಕಳೇ, ನಾನು ಓದುತ್ತಾ ಇದ್ದೆ, ಬಾಯಿ ಹಾಕಬಾರದು ಅಂದುಕೊಂಡಿದ್ದೆ. ರಂಗನಾಥನ್ ಹೆಸರು ನಿಮಗೆ ಪಾಠದಲ್ಲಿ ಹೇಳಿದ್ದೆ, ಮರೆತಿರುತ್ತೀರಿ. 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರ ಬರೆದವರು. ಮೊದಲನೆಯದು, ಪುಸ್ತಕ ಇರುವುದು ಬಳಸುವುದಕ್ಕೆ. ಗ್ರಂಥಾಲಯ ಎಲ್ಲಿರಬೇಕು, ಯಾವ ಹೊತ್ತಿಗೆ ತೆರೆದಿರಬೇಕು ಅಂತ ಅವರು ಹೇಳಿದ್ದು ಆ ಸೂತ್ರದ ಕೆಳಗೇ. ನಮ್ಮ ರಾಜ್ಯದ 1965ರ ಗ್ರಂಥಾಲಯ ಕಾನೂನಿನ ಹಿಂದೆಯೂ ಅವರ ಕೈ ಇದೆ. ರಶೀದ್, ನೀನು ಕಟ್ಟುವ ಕರ ಆ ಕಾನೂನಿನದೇ.

ರಶೀದ್: ನಮಸ್ತೆ ಟೀಚರ್. ಬಿರಿಯಾನಿ ವೀಡಿಯೋ ನೋಡಬೇಡಿ, ಅದು ತಪ್ಪಿ ಬಂತು.

ಬೋಪಣ್ಣ: ಟೀಚರ್, ನಿಮ್ಮ ಮಾತಿಗೆ ಎದುರು ಹೇಳುತ್ತಿಲ್ಲ. ಆದರೆ ಸಂಜೆ ಆರರವರೆಗೆ ತೆರೆದರೆ ಮಕ್ಕಳು ಮನೆಗೆ ಹೇಗೆ ಹೋಗುವುದು? ಮೊನ್ನೆಯೂ ನಮ್ಮ ತೋಟದಲ್ಲಿ ಮೂರು ಆನೆ, ಒಂದು ಮರಿ. ಹಲಸು ಮುಗಿಸಿಯೇ ಹೋದದ್ದು. ಮತ್ತೆ ಮುರುಗ, ನೀನು ಬುದ್ಧಿವಂತ. ಗ್ರಂಥಾಲಯ ಇಲ್ಲದಿದ್ದರೂ ಓದಿ ಕೆಲಸ ಹಿಡಿಯುತ್ತಿದ್ದೆ.

ಮುರುಗ: ಇಲ್ಲ ಬೋಪಣ್ಣ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ನಾನು ಅಲ್ಲಿಗೆ ಪುಸ್ತಕ ಓದಲು ಹೋಗುತ್ತಿರಲಿಲ್ಲ. ಒಣಗಿದ ಜಾಗಕ್ಕೆ ಹೋಗುತ್ತಿದ್ದೆ. ನಮ್ಮ ಲೈನ್ ಮನೆ ಅಂದರೆ ಒಂದು ಕೋಣೆ, ಒಂದು ಅಡುಗೆಮನೆ, ಏಳು ಜನ. ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದು ಒಲೆಯ ಮೇಲೆ. ನನ್ನ ಸಮಾಜ ಪುಸ್ತಕ ತೆರೆದರೆ ಹೊಗೆ ವಾಸನೆ ಬರುತ್ತಿತ್ತು, ನೀವೆಲ್ಲ ಮೂಗು ಮುಚ್ಚಿ ನಗುತ್ತಿದ್ದಿರಿ. ಗ್ರಂಥಾಲಯದ ಬಾಗಿಲಲ್ಲಿ ಕಾಲು ಒರೆಸಲು ಗೋಣಿಚೀಲ. ಕೊಡೆ ಇಡಲು ಒಂದು ತಗಡಿನ ಬಕೆಟ್. ನನ್ನ ಹತ್ತಿರ ಕೊಡೆ ಇರಲಿಲ್ಲ, ತಲೆ ಮೇಲಿನ ಪ್ಲಾಸ್ಟಿಕ್ಕನ್ನೇ ಮಡಚಿ ಅದರೊಳಗೆ ಇಡುತ್ತಿದ್ದೆ. ಕಿಟಕಿ ಪಕ್ಕದ ಬೆಂಚು ನನ್ನದು. ಅಲ್ಲಿ ಯಾರೂ ಏನು ಬೇಕು ಅಂತ ಕೇಳುತ್ತಿರಲಿಲ್ಲ. ನಾಲ್ಕು ದಿನ ಸುಮ್ನೆ ಕೂತೆ. ಐದನೇ ದಿನ ಬೇಜಾರಾಗಿ 'ಶಕ್ತಿ' ಪೇಪರ್ ತೆಗೆದೆ. ಅದು ಮುಗಿದ ಮೇಲೆ ಇನ್ನೊಂದು. ಕಂಡಕ್ಟರ್ ಕೆಲಸಕ್ಕೆ ಅರ್ಜಿ ಕರೆದದ್ದನ್ನು ನೋಡಿದ್ದೂ ಅಲ್ಲಿನ ಪೇಪರಿನಲ್ಲೇ. ಏಳು ಕಿಲೋಮೀಟರ್ ಆಚೆ ಇದ್ದಿದ್ದರೆ ಹೋಗುತ್ತಿದ್ದೆನಾ? ಬಸ್ಸಿಗೆ ಚಿಲ್ಲರೆ ಇದ್ದರೆ ಕೊಡೆ ತೆಗೆದುಕೊಳ್ಳುತ್ತಿದ್ದೆ.

(ಸುಮಾರು ಹೊತ್ತು ಯಾರೂ ಬರೆಯಲಿಲ್ಲ. ಮೂಗು ಮುಚ್ಚಿದವರಲ್ಲಿ ನಾನೂ ಒಬ್ಬಳು.)

ಬೋಪಣ್ಣ: ಸರಿ. ಆ ವಾಸನೆ ವಿಷಯಕ್ಕೆ ಸಾರಿ ಕಣೋ. ಆದರೆ ಆನೆ ಪ್ರಶ್ನೆ ಹಾಗೇ ಇದೆ.

ಮುರುಗ: ನಾಲ್ಕೂವರೆಯಿಂದ ಐದೂವರೆ ಸಾಕು, ಬೆಳಕು ಇರುತ್ತದೆ. ಬೆಳಿಗ್ಗೆ ತಡವಾಗಿ ತೆರೆಯಲಿ. ಭಾನುವಾರ ಪೂರ್ತಿ ತೆರೆಯಲಿ. ಈಗ ಹಾಳೆಯಲ್ಲಿ ರಜೆ ಸೋಮವಾರ, ಆದರೆ ಭಾನುವಾರ ಮಧ್ಯಾಹ್ನಕ್ಕೇ ಬೀಗ.

ಲೀಲಾ ಟೀಚರ್: ಆ ಒಂದು ಗಂಟೆ ನಾನು ಕೂರುತ್ತೇನೆ. ವಾರಕ್ಕೆ ಎರಡು ದಿನ. ಮಂಡಿ ನೋವು, ಅದಕ್ಕಿಂತ ಜಾಸ್ತಿ ಆಗುವುದಿಲ್ಲ.

ಕುಶಾಲಪ್ಪ: ಟೀಚರ್, ಬೀಗದ ಕೈ ಹೊರಗಿನವರಿಗೆ ಕೊಡುವ ಹಾಗಿಲ್ಲ. ಠರಾವು ಆಗಬೇಕು.

ಲೀಲಾ ಟೀಚರ್: ನಾನು ಹೊರಗಿನವಳಾದೆನಾ ಕುಶಾಲಪ್ಪ? ನಿನಗೆ ಗುಣಿಸುವುದು ಕಲಿಸಿದವಳು.

ಕುಶಾಲಪ್ಪ: ಅಯ್ಯೋ ಹಾಗಲ್ಲ ಟೀಚರ್. ಎಲ್ಲ ಬರೆದು ಸಹಿ ಹಾಕಿ ಗ್ರಾಮಸಭೆಗೆ ತನ್ನಿ. ಮಕ್ಕಳ ರಿಜಿಸ್ಟರ್ ನಾನು ಹುಡುಕಿಸುತ್ತೇನೆ. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ.

ಮುರುಗ: ಹನ್ನೊಂದಕ್ಕೆ ನಾನು ವಿರಾಜಪೇಟೆ ಬಸ್ಸಿನಲ್ಲಿರುತ್ತೇನೆ. ಲೈನಿನವರು ತೋಟದಲ್ಲಿರುತ್ತಾರೆ.

ಸರಸು: ಮಕ್ಕಳು ಶಾಲೆಯಲ್ಲಿರುತ್ತಾರೆ.

ರಶೀದ್: ಸಭೆಗೂ ಹಾಜರಿ ಪುಸ್ತಕ ಇದೆಯಾ ಕುಶಾಲು? ನಾಲ್ಕು ಸಹಿ?

ಕುಶಾಲಪ್ಪ: ಆಯ್ತು ಮಾರಾಯ. ಭಾನುವಾರ ಇಡಲು ಆಗುತ್ತದಾ ಅಂತ ಪಿಡಿಓ ಅವರನ್ನು ಕೇಳುತ್ತೇನೆ.

ಬೋಪಣ್ಣ: ಭಾನುವಾರ ನನಗೆ ಗೆಸ್ಟ್ ಜಾಸ್ತಿ.