ಸಹಾಯ ಬೇಕು: ಒಂದೇ ಸೈಟ್‌ಗೆ ನಮ್ಮವರಿಂದಲೇ ಎರಡೆರಡು ಕೊಟೇಶನ್ ಹೋಗ್ತಿದೆ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಡೀಸೆಲ್ ಜನರೇಟರ್, ಎಲೆಕ್ಟ್ರಿಕಲ್ ಪ್ಯಾನೆಲ್ ಸಪ್ಲೈ ಮಾಡೋ ಕಂಪನಿಯಲ್ಲಿ ಬಿಡ್ಡಿಂಗ್ ಟೀಮ್ ನೋಡ್ಕೋತೀನಿ. ಒಂದು ಆಸ್ಪತ್ರೆ ಕಟ್ಟಡ ಏಳ್ತಿದೆ ಅಂದ್ರೆ ಆರ್ಕಿಟೆಕ್ಟ್ ನಮ್ಮ ಒಬ್ಬ ಹುಡುಗನ ಹತ್ರ ರೇಟ್ ಕೇಳ್ತಾರೆ, ಅದೇ ಕೆಲಸಕ್ಕೆ ಬಿಡ್ ಹಾಕ್ತಿರೋ ಕಂಟ್ರಾಕ್ಟರ್‌ಗಳು ಇನ್ನೊಬ್ಬನ ಹತ್ರ ಕೇಳ್ತಾರೆ. ಹೋದ ತಿಂಗಳು ಒಂದೇ 125 ಕೆವಿಎ (ಜನರೇಟರ್ ಸಾಮರ್ಥ್ಯದ ಅಳತೆ) ಸೆಟ್‌ಗೆ ನಮ್ಮದೇ ಲೆಟರ್‌ಹೆಡ್‌ನಲ್ಲಿ ಎರಡು ರೇಟ್ ಹೋಯ್ತು. ಪಾರ್ಟಿಯವರು ಎರಡನ್ನೂ ಟೇಬಲ್ ಮೇಲಿಟ್ಟು, ಕಮ್ಮಿ ಇದ್ದದ್ದಕ್ಕಿಂತಲೂ ಕೆಳಗೆ ಇಳಿಸಿದ್ರು. ಆರ್ಡರ್ ಬಂತು, ಆದ್ರೆ ಆ ಇಬ್ಬರು ಹುಡುಗರು ಮಾತು ಬಿಟ್ಟಿದ್ದಾರೆ. ಇಬ್ಬರೂ ನಿಜವಾಗ್ಲೂ ಓಡಾಡಿದ್ದಾರೆ, ಅದೇ ನನಗೆ ಬೇಜಾರು.

ಗೂಗಲ್ ಶೀಟ್‌ನಲ್ಲಿ ಮೊಬೈಲ್ ನಂಬರ್ ರಿಪೀಟ್ ಆದ್ರೆ ಕೆಂಪಾಗೋ ಹಾಗೆ ಮಾಡಿದೆ. ಫೋನ್ ಮಾಡೋರೇ ಬೇರೆ ಬೇರೆ, ಹಾಗಾಗಿ ಸಿಗಲಿಲ್ಲ. ಜಿಎಸ್‌ಟಿ ನಂಬರ್ ಇಟ್ಟು ನೋಡಿದೆ. ಕಂಟ್ರಾಕ್ಟರ್ ಒಬ್ಬರೇ, ಸೈಟ್ ನಾಲ್ಕು. ಹೊಸ ಲೀಡನ್ನೂ (ಅಂದ್ರೆ ಆರ್ಡರ್ ಸಿಗಬಹುದಾದ ಕೆಲಸ) ಡೂಪ್ಲಿಕೇಟ್ ಅಂತ ತೋರಿಸುತ್ತೆ. ವಾಟ್ಸಾಪ್‌ನಲ್ಲಿ ಮೊದಲು ಹಾಕಿದವರದ್ದೇ ಲೀಡ್ ಅಂದ್ರೆ, ದಾರಿಯಲ್ಲಿ ಬೋರ್ಡ್ ಕಂಡ ಕಟ್ಟಡದ ಹೆಸರೆಲ್ಲ ಹಾಕಿ ಸುಮ್ನಾಗ್ತಾರೆ.

ಈಗ ಗಿರಾಕಿ ಹೆಸರು ಬಿಟ್ಟು ಸೈಟ್ ವಿಳಾಸ, ಕೆವಿಎ ಮೇಲೆ ಲೀಡ್ ರಿಜಿಸ್ಟರ್ ಮಾಡೋಣ ಅಂತಿದ್ದೀನಿ. ಅದರಿಂದ ಡೂಪ್ಲಿಕೇಟ್ ಬಹುಶಃ ನಿಲ್ಲುತ್ತೆ. ನನಗೆ ಬಗೆಹರಿಯದೇ ಇರೋದು ಮುಂದಿನದು: ಆರ್ಕಿಟೆಕ್ಟ್ ಹಿಂದೆ ಬಿದ್ದು ಸ್ಪೆಸಿಫಿಕೇಶನ್‌ನಲ್ಲಿ ನಮ್ಮ ಮಾಡೆಲ್ ಬರೆಸಿದವನು ಒಬ್ಬ, ಕಂಟ್ರಾಕ್ಟರ್‌ನಿಂದ ಪರ್ಚೇಸ್ ಆರ್ಡರ್ ತಂದವನು ಇನ್ನೊಬ್ಬ.

ಪ್ರಾಜೆಕ್ಟ್ ಸೇಲ್ಸ್ ಮಾಡೋರು ದಯವಿಟ್ಟು ಹೇಳಿ. ಇಂಥ ಕಡೆ ಲೀಡ್ ಯಾರ ಹೆಸರಲ್ಲಿಡ್ತೀರಿ, ಇನ್ಸೆಂಟಿವ್ ಯಾವ ಲೆಕ್ಕದಲ್ಲಿ ಹಂಚ್ತೀರಿ? ಫಾಲೋಅಪ್ ಮಾಡದೇ ಇದ್ರೆ ಎಷ್ಟು ದಿನಕ್ಕೆ ಲೀಡ್ ಬೇರೆಯವರಿಗೆ ಕೊಡ್ತೀರಿ?